ನಿಂತ ಗಾಡಿಗೂ ಒಂದು ವಿಮೆ

(ಬಾನುಲಿ ಭಾಷಣ)



ನಮ್ಮ ಬೀದರ ಸೀಮೆಯಲ್ಲಿ ವಿಮೆಗೆ ಮೂರು ಹೆಸರುಗಳಿವೆ. ನಿಜಾಮರ ಕಾಲದ ಕಚೇರಿಯ ಭಾಷೆಯನ್ನು ಮರೆಯದ ಹಳೆಯ ಮನೆತನಗಳಲ್ಲಿ ಅದು ‘ಬೀಮಾ’. ಮರಾಠಿಯ ಗಾಳಿ ಬೀಸುವ ಗಡಿಯ ಹಳ್ಳಿಗಳಲ್ಲಿ ‘ವಿಮಾ’. ಶಾಲೆಯಲ್ಲಿ ಕನ್ನಡ ಓದಿದ ನಮಗೆ ‘ವಿಮೆ’. ಮೂರೂ ಒಂದೇ ಬೇರಿನ ಕವಲುಗಳು. ಪಾರಸಿಯಲ್ಲಿ ‘ಬೀಮ್’ ಎಂದರೆ ಭಯ. ಹಾಗೆ ನೋಡಿದರೆ ವಿಮೆಯೆಂಬುದು ನಮ್ಮ ಭಯಕ್ಕೆ ನಾವು ಕಟ್ಟುವ ಕಂದಾಯ. ಭಯವೇ ಇಲ್ಲವೆಂದು ತೋರಿದಾಗ ಕಂದಾಯ ಕಟ್ಟಲು ಯಾರಿಗೆ ಮನಸ್ಸು ಬಂದೀತು? ನನಗೂ ಬರಲಿಲ್ಲ. ಅದರ ಫಲವನ್ನು ನಾನು ಉಂಡೆ. ನನಗಿಂತ ಹೆಚ್ಚಾಗಿ, ಯಾವ ತಪ್ಪನ್ನೂ ಮಾಡದ ಇನ್ನೊಬ್ಬರು ಉಂಡರು. ಆ ಸಂಗತಿಯನ್ನು ಇಂದು ನಿಮ್ಮ ಮುಂದೆ ನಿವೇದಿಸಿಕೊಳ್ಳಬೇಕೆಂದಿದ್ದೇನೆ. ವಿಷಯ ಅಷ್ಟೇನೂ ಕಾವ್ಯಮಯವಾದುದಲ್ಲ: ಓಡಿಸದೆ ನಿಲ್ಲಿಸಿಟ್ಟ ವಾಹನಕ್ಕೆ ವಿಮೆ ಬೇಕೆ, ಬೇಡವೆ ಎಂಬುದು.

ನಾನು ಭಾಲ್ಕಿಯ ಕಾಲೇಜೊಂದರಲ್ಲಿ ಮೂವತ್ತು ವರ್ಷ ಕನ್ನಡ ಪಾಠ ಹೇಳಿ ನಿವೃತ್ತನಾದವನು. ಹಿರಿಯರ ಮನೆ ಇರುವುದು ಬೀದರ ನಗರದ ಕೋಟೆಗೋಡೆಯೊಳಗಿನ ಹಳೆಯ ಪಟ್ಟಣದಲ್ಲಿ, ಮಹಮೂದ್ ಗಾವಾನನ ಮದರಸಾದಿಂದ ನಾಲ್ಕು ಹೆಜ್ಜೆ ದೂರದ ಒಂದು ಓಣಿಯಲ್ಲಿ. ಆ ಮನೆಯ ಮುಂಗಟ್ಟಿನ ಕಮಾನಿನ ಕೆಳಗೆ ನಮ್ಮ ತಂದೆಯವರ ಅಂಬಾಸಿಡರ್ ಕಾರು ನಿಂತಿತ್ತು. 1986ರಲ್ಲಿ ಅದನ್ನು ಅವರು ಕೊಂಡಾಗ ಓಣಿಗೆ ಓಣಿಯೇ ಬಂದು ನೋಡಿತ್ತಂತೆ. ಸಾಮಾನ್ಯ ವಿಮೆಯ ವ್ಯವಹಾರವು 1973ರ ಜನವರಿ 1ರಿಂದ ರಾಷ್ಟ್ರೀಕೃತವಾಗಿ ನಾಲ್ಕು ಕಂಪನಿಗಳ ಕೈಯಲ್ಲಿದ್ದ ಕಾಲವದು. ತಂದೆಯವರು ಪ್ರತಿವರ್ಷ ಅದೇ ತಿಂಗಳು ಬಿಳಿಯ ಅಂಗಿ ತೊಟ್ಟು, ಹಬ್ಬಕ್ಕೆ ಹೊರಟವರಂತೆ ವಿಮೆಯ ಕಚೇರಿಗೆ ಹೋಗಿ ಹಣ ಕಟ್ಟಿ ಬರುತ್ತಿದ್ದರು. ಕೊನೆಯ ಆರು ವರ್ಷ ಅವರ ಕಣ್ಣು ಮಂಜಾಗಿ ಕಾರು ಹೊರಗೆ ಹೊರಟದ್ದೇ ಇಲ್ಲ. ಆಗಲೂ ಅವರು ಹಣ ಕಟ್ಟುವುದನ್ನು ಬಿಡಲಿಲ್ಲ. ನಾನು ಒಮ್ಮೆ ನಕ್ಕು ಕೇಳಿದ್ದೆ: “ಅಪ್ಪಾ, ನಿಂತ ಗಾಡಿಗಿ ಯಾತರ ಬೀಮಾ?” ಅವರು ತಲೆಯೆತ್ತದೆ ಹೇಳಿದ್ದರು: “ನಿಂತದ್ದು ಕಂಡಿ. ನಾಳಿ ಯಾರರೆ ದೂಡಿದರ?”

ಆ ಮಾತಿನ ಅರ್ಥ ನನಗಾಗ ಹೊಳೆಯಲಿಲ್ಲ. ಅವರು 2015ರಲ್ಲಿ ತೀರಿಕೊಂಡರು. ಕೆಲವು ವರ್ಷ ಪಿತೃಭಕ್ತಿಯಿಂದ ನಾನೂ ವಿಮೆ ಕಟ್ಟಿದೆ. ಆಮೇಲೆ ಪುಣೆಯಲ್ಲಿದ್ದ ಮಗಳ ಮನೆಗೆ ಹೋಗಿ ತಿಂಗಳುಗಟ್ಟಲೆ ಇರತೊಡಗಿದ ಮೇಲೆ, ಓಡದ ಗಾಡಿಗೆ ದುಡ್ಡು ಸುರಿಯುವುದು ಮೂರ್ಖತನವೆಂದು ತೀರ್ಮಾನಿಸಿದೆ. ಅದಕ್ಕೆ ಕಾನೂನಿನ ಬೆಂಬಲವನ್ನೂ ಹುಡುಕಿಕೊಂಡೆ. ಓದುಬರಹ ಬಲ್ಲವನ ಸೋಮಾರಿತನಕ್ಕೆ ಆಧಾರಗಳು ಬೇಗ ಸಿಗುತ್ತವೆ.

1988ರ ಮೋಟಾರು ವಾಹನಗಳ ಅಧಿನಿಯಮದ 146ನೆಯ ಕಲಮು ಹೇಳುವುದು ಇಷ್ಟು: ಮೂರನೆಯವರಿಗೆ ಆಗಬಹುದಾದ ಹಾನಿಯ ವಿಮೆ ಜಾರಿಯಲ್ಲಿಲ್ಲದ ವಾಹನವನ್ನು ಯಾರೂ ಸಾರ್ವಜನಿಕ ಸ್ಥಳದಲ್ಲಿ ಬಳಸಕೂಡದು, ಬೇರೆಯವರಿಂದ ಬಳಸಿಸಕೂಡದು, ಬಳಸಲು ಬಿಡಲೂಕೂಡದು. ಸಾರ್ವಜನಿಕ ಸ್ಥಳವೆಂದರೆ ಜನರಿಗೆ ಪ್ರವೇಶದ ಹಕ್ಕಿರುವ ರಸ್ತೆ, ಬೀದಿ, ದಾರಿ ಅಥವಾ ಬೇರಾವುದೇ ಜಾಗ. ನಮ್ಮ ಮನೆಯ ಕಮಾನಿನ ಕೆಳಗೆ ಜನರಿಗೆ ಹಕ್ಕಿಲ್ಲ. ಆದ್ದರಿಂದ ಅಲ್ಲಿ ನಿಂತ ಕಾರಿಗೆ ವಿಮೆ ಕಡ್ಡಾಯವಲ್ಲ. ತರ್ಕದಲ್ಲಿ ದೋಷವಿರಲಿಲ್ಲ. ನಾನು ಮರೆತದ್ದು ಒಂದೇ. ನನ್ನ ಕಮಾನಿಗೂ ಸಾರ್ವಜನಿಕ ಓಣಿಗೂ ನಡುವೆ ಇದ್ದದ್ದು ಒಂದು ಹೊಸ್ತಿಲು ಮಾತ್ರ. ಅದರ ಎತ್ತರ ನಾಲ್ಕು ಬೆರಳು.

2023ರ ಆರಂಭದಲ್ಲಿ ನಮ್ಮ ಅಣ್ಣನ ಮೊಮ್ಮಗಳ ಮದುವೆ ಅದೇ ಮನೆಯಲ್ಲಿ ನಡೆಯಿತು. ನಾನಿನ್ನೂ ಪುಣೆಯಲ್ಲಿದ್ದೆ. ಚಪ್ಪರಕ್ಕೆ ಜಾಗ ಸಾಲದೆಂದು ಹುಡುಗರು ನನ್ನನ್ನು ಫೋನಿನಲ್ಲಿ ಕೇಳಿದರು: “ಕಾಕಾ, ಗಾಡಿ ಎರಡು ದಿವಸ ಹೊರಗ ಇಡಲೇನು?” ನಾನು “ಇಡ್ರಿ” ಎಂದೆ. ಬಳಸಲು ಬಿಡಕೂಡದೆಂದು ಕಲಮಿನಲ್ಲಿ ಓದಿದ್ದ ನಾಲಗೆಯೇ ಆ ಒಂದು ಶಬ್ದವನ್ನಾಡಿತು. ಐದಾರು ಜನ ಸೇರಿ ಕಾರನ್ನು ಹೊಸ್ತಿಲು ದಾಟಿಸಿದರು. ಎಂಜಿನು ಚಾಲೂ ಆಗಿರಲಿಲ್ಲ. ಎಷ್ಟೋ ವರ್ಷ ನಿಂತ ಗಾಡಿಯ ಬ್ರೇಕು ಹಿಡಿಯಲಿಲ್ಲ. ನಮ್ಮ ಓಣಿ ಇಳಿಜಾರು. ಕೆಳಗೆ ತಿರುವಿನಲ್ಲಿ ತಳ್ಳುಗಾಡಿಯ ಮೇಲೆ ಬಾಳೆಹಣ್ಣು ಮಾರುವ ಒಬ್ಬ ವಯಸ್ಸಾದವರು ಬೆನ್ನು ತಿರುಗಿಸಿ ನಿಂತಿದ್ದರು. ಅವರ ಎಡಗಾಲಿನ ಮೂಳೆ ಎರಡು ಕಡೆ ಮುರಿಯಿತು.

ಮುಂದಿನದನ್ನು ಸಂಕ್ಷೇಪವಾಗಿ ಹೇಳುತ್ತೇನೆ. ವಿಮೆಯಿಲ್ಲದ ವಾಹನದ ಬಳಕೆಗೆ 2019ರ ತಿದ್ದುಪಡಿಯ ಮೇಲೆ ಮೊದಲ ಬಾರಿಗೆ 2000 ರೂಪಾಯಿ ದಂಡ, ಅಥವಾ ಮೂರು ತಿಂಗಳವರೆಗಿನ ಸೆರೆ, ಅಥವಾ ಎರಡೂ. ಎರಡನೆಯ ಸಲಕ್ಕೆ ದಂಡ 4000. ಆ ದಂಡ ದೊಡ್ಡದಾಗಿರಲಿಲ್ಲ. ಪರಿಹಾರದ ಹೊಣೆ ದೊಡ್ಡದು. ಅದು ಮಾಲೀಕನ ತಲೆಯ ಮೇಲೆಯೇ ಬಂತು. ವಿಮೆಯಿದ್ದಿದ್ದರೆ ಆ ಹಣವನ್ನು ಕಂಪನಿ ಕೊಡುತ್ತಿತ್ತು, ನ್ಯಾಯಮಂಡಳಿ ಹೇಳಿದಷ್ಟನ್ನು ಕೊಡುತ್ತಿತ್ತು. ಇಲ್ಲದ್ದರಿಂದ ನನ್ನ ಮೂರು ವರ್ಷದ ಉಳಿತಾಯ ಹೋಯಿತು. ಅದನ್ನು ನಾನು ಕಷ್ಟವೆಂದು ಹೇಳಲಾರೆ. ಹಣವನ್ನು ನಾನು ಕಂತುಕಂತಾಗಿ ಹೊಂದಿಸಿ ಕೊಡುವವರೆಗೆ ಆ ಹಿರಿಯರ ಮನೆಯ ಒಲೆ ಯಾರಿಗಾಗಿಯೂ ಕಾಯಲಿಲ್ಲ. ಅವರ ಮಗ ಓದು ಬಿಟ್ಟು ತಳ್ಳುಗಾಡಿ ಹಿಡಿದ. ಒಂದು ವರ್ಷದ ಮೇಲೆ ಮತ್ತೆ ಕಾಲೇಜಿಗೆ ಸೇರಿದ. ಆದರೆ ಹೋದ ವರ್ಷವನ್ನು ಯಾವ ನ್ಯಾಯಮಂಡಳಿ ಹಿಂದಕ್ಕೆ ಕೊಟ್ಟೀತು? ಅಂಥ ಕಾರಿಗೆ ಮೂರನೆಯವರ ವಿಮೆಯ ಮೂಲದರ, 2022ರ ಜೂನ್ 1ರಿಂದ ಜಾರಿಗೆ ಬಂದ ಪಟ್ಟಿಯಂತೆ, ವರ್ಷಕ್ಕೆ 3416 ರೂಪಾಯಿ. ನಾನು ಉಳಿಸಿದ್ದು ಅದನ್ನು.

ಸುಮ್ಮನೆ ಇಟ್ಟ ವಸ್ತು ಹಾನಿ ಮಾಡಲಾರದೆಂಬ ಭ್ರಮೆ ಬೀದರಿನವನಾದ ನನಗೆ ಬರಬಾರದಿತ್ತು. ಮದರಸಾದ ಮುಂದೆ ಹಾಯುವಾಗಲೆಲ್ಲ ಅದರ ಒಂದೇ ಮಿನಾರು ಕಣ್ಣಿಗೆ ಬೀಳುತ್ತದೆ. 1472ರ ಸುಮಾರಿಗೆ ಮುಗಿದ ಆ ವಿದ್ಯಾಲಯಕ್ಕೆ ಎರಡು ಮಿನಾರುಗಳಿದ್ದವು. 17ನೆಯ ಶತಮಾನದ ಕೊನೆಯಲ್ಲಿ ಅಲ್ಲಿ ಶೇಖರಿಸಿಟ್ಟಿದ್ದ ಸಿಡಿಮದ್ದು ಸ್ಫೋಟಿಸಿ ಮುಂಭಾಗದ ಒಂದು ಪಾರ್ಶ್ವವೇ ಹಾರಿಹೋಯಿತು. ಮದ್ದು ಯಾವ ಯುದ್ಧಕ್ಕೂ ಹೋಗಿರಲಿಲ್ಲ, ದಾಸ್ತಾನಿನಲ್ಲಿತ್ತು, ಅಷ್ಟೆ. ನಮ್ಮ ಊರಿನ ಬಿದರಿಯ ಹೂಜಿಯನ್ನು ಗಾಜಿನ ಕಪಾಟಿನಲ್ಲಿಟ್ಟರೆ ಅದು ನೂರು ವರ್ಷ ಯಾರಿಗೂ ಏನೂ ಮಾಡದು. ಆದರೆ ಗಾಲಿ, ಎಣ್ಣೆ, ಬ್ಯಾಟರಿ ಇರುವ ವಸ್ತುವನ್ನು ಹೂಜಿಯೆಂದು ತಿಳಿಯಬಾರದು.

ಇದು ಬೀದರಿನ ಕಥೆ. ಇನ್ನು ಭಾಲ್ಕಿಯದೊಂದು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ 2019ರ ಬೇಸಗೆಯಲ್ಲಿ ಹೊಸ ಮೋಟಾರ್ ಸೈಕಲ್ ಕೊಂಡ. ಕೈಗೆ ಬಂದ ವಿಮೆಯ ಕಾಗದದಲ್ಲಿ ‘ಐದು ವರ್ಷ’ ಎಂದು ಅಚ್ಚಾಗಿತ್ತು. ಸರ್ವೋಚ್ಚ ನ್ಯಾಯಾಲಯದ ಆದೇಶದ ಮೇರೆಗೆ 2018ರ ಸೆಪ್ಟೆಂಬರ್ 1ರಿಂದ ಹೊಸ ದ್ವಿಚಕ್ರ ವಾಹನಗಳಿಗೆ ಐದು ವರ್ಷದ, ಹೊಸ ಕಾರುಗಳಿಗೆ ಮೂರು ವರ್ಷದ ಮೂರನೆಯವರ ವಿಮೆಯನ್ನು ಒಟ್ಟಿಗೇ ಮಾಡಿಸುವ ನಿಯಮ ಬಂದಿತ್ತು. ಹುಡುಗ ಕೆಲಸಕ್ಕೆಂದು ಹೈದರಾಬಾದಿಗೆ ಹೋದ. ಗಾಡಿಯನ್ನು ತಂದೆಯ ಮನೆಯ ಪಡಸಾಲೆಯಲ್ಲಿ ಹಾಳೆ ಮುಚ್ಚಿ ನಿಲ್ಲಿಸಿದ. 2021ರಲ್ಲಿ ಒಂದು ರಾತ್ರಿ ಅದು ಕಳುವಾಯಿತು. ಕಾಗದದ ಅವಧಿ 2024ರವರೆಗೆ ಇದೆಯಲ್ಲ ಎಂದು ಅವನು ಧೈರ್ಯವಾಗಿದ್ದ.

ಅವನು ಕಾಗದ ಹಿಡಿದು ನನ್ನ ಬಳಿ ಬಂದಾಗ, ಪಾಠ ಹೇಳಿದ ಗುರುವಾಗಿ ನನಗೆ ನಾಚಿಕೆಯಾಯಿತು. ನಾವು ಅವರಿಗೆ ಹಳಗನ್ನಡದ ಕಠಿಣ ಪದ್ಯವನ್ನು ಬಿಡಿಸಲು ಕಲಿಸುತ್ತೇವೆ. ಬದುಕಿನ ಗದ್ಯವನ್ನು ಓದಲು ಕಲಿಸುವುದಿಲ್ಲ. ಆ ಕಾಗದದಲ್ಲಿ ಎರಡು ವಿಮೆಗಳಿದ್ದವು. ನಮ್ಮ ಗಾಡಿಯಿಂದ ಪರರಿಗಾಗುವ ಹಾನಿಗೆ ಐದು ವರ್ಷ. ನಮ್ಮ ಗಾಡಿಗೇ ಆಗುವ ಹಾನಿಗೆ, ಅಂದರೆ ಅಪಘಾತ, ಬೆಂಕಿ, ಕಳವು, ನೆರೆ ಇವಕ್ಕೆ, ಒಂದೇ ವರ್ಷ. ಎರಡನೆಯದನ್ನು ಅವನು ನವೀಕರಿಸಿರಲಿಲ್ಲ. ಓಡಿಸದ ಗಾಡಿಗೆ ಅಪಘಾತವೆಲ್ಲಿಯದು ಎಂಬುದು ಅವನ ವಾದ. ಆದರೆ ಓಡುವ ಗಾಡಿಗಿಂತ ನಿಂತ ಗಾಡಿಯನ್ನೇ ಕಳ್ಳ ಹೆಚ್ಚು ಇಷ್ಟಪಡುತ್ತಾನೆ. ಯಾರೂ ನಾಲ್ಕು ದಿನ ಹುಡುಕುವುದಿಲ್ಲವಲ್ಲ! ಸ್ವಂತ ಹಾನಿಯ ವಿಮೆಯನ್ನು ಪ್ರತ್ಯೇಕವಾಗಿ ಕೊಳ್ಳುವ ಸೌಕರ್ಯ 2019ರ ಸೆಪ್ಟೆಂಬರಿನಿಂದಲೇ ಇತ್ತು. ಇನ್ನೊಂದು ನಷ್ಟವನ್ನೂ ಇಲ್ಲಿ ಹೇಳಬೇಕು. ಹಾನಿಯ ಹಣ ಕೇಳದೆ ಕಳೆದ ವರ್ಷಗಳಿಗೆ ಸ್ವಂತ ಹಾನಿಯ ವಿಮಾಕಂತಿನಲ್ಲಿ 20ರಿಂದ ಹಿಡಿದು 50 ಪ್ರತಿಶತದವರೆಗೆ ರಿಯಾಯಿತಿ ಬೆಳೆಯುತ್ತದೆ. ಅವಧಿ ತೀರಿ 90 ದಿನಗಳೊಳಗೆ ನವೀಕರಿಸದಿದ್ದರೆ ಬೆಳೆದದ್ದೆಲ್ಲ ಸೊನ್ನೆ.

ಮೂರನೆಯದು ಔರಾದಿನ ಸಂಗತಿ, ಇದೊಂದೇ ಸುಖಾಂತ. ಔರಾದ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನನ್ನ ಸಹಪಾಠಿಯೊಬ್ಬರು ಒಕ್ಕಲುತನ ಮಾಡಿಕೊಂಡಿದ್ದಾರೆ. ಅವರದೊಂದು ಟ್ರ್ಯಾಕ್ಟರು. ಮುಂಗಾರಿನ ಉದ್ದು, ಹೆಸರು, ಸೋಯಾ, ತೊಗರಿ ಬಿತ್ತುವಾಗ ಅದಕ್ಕೆ ಬಿಡುವಿಲ್ಲ. ಹಿಂಗಾರಿನ ಜೋಳ, ಕಡಲೆ ಮುಗಿದ ಮೇಲೆ ಕೊಟ್ಟಿಗೆಯಲ್ಲಿ ತಿಂಗಳುಗಟ್ಟಲೆ ನಿದ್ರೆ. ಬ್ಯಾಂಕಿನ ಸಾಲ ತೀರುವತನಕ ಬ್ಯಾಂಕಿನವರೇ ಪೂರ್ಣ ವಿಮೆ ಮಾಡಿಸಿದರು. ಸಾಲ ತೀರಿದ ವರ್ಷ ಇವರೂ ನನ್ನಂತೆಯೇ ಯೋಚಿಸಿದ್ದರು. ಆದರೆ ಮನೆಯಾಕೆ ಒಪ್ಪಲಿಲ್ಲ. “ಕಣಕಿ ಬಣಿವಿ ಮಗ್ಗಲದಾಗ ನಿಲ್ಲಸ್ತೀರಿ, ಸಿಡಿಲ ಏನು ನಿಮ್ಮನ್ನ ಕೇಳಿ ಬೀಳತದೇನು?” ಎಂದು ಆಕೆ ಕೇಳಿದರಂತೆ. ಅವರು ಮೂರನೆಯವರ ಹೊಣೆಯ ಜೊತೆಗೆ ಬೆಂಕಿ ಮತ್ತು ಕಳವಿನ ಭಯವನ್ನಷ್ಟೇ ಸೇರಿಸಿಕೊಳ್ಳುವ ವಿಮೆಯನ್ನು ಮಾಡಿಸಿದರು. ಪೂರ್ಣ ವಿಮೆಗಿಂತ ಅದರ ಕಂತು ಕಡಿಮೆ. ಎರಡು ಬೇಸಗೆಗಳ ಮೇಲೆ ಆ ಬಣವೆಗೆ ನಿಜವಾಗಿಯೂ ಬೆಂಕಿ ಬಿತ್ತು. ಕೊಟ್ಟಿಗೆಯ ಸಮೇತ ಟ್ರ್ಯಾಕ್ಟರು ಸುಟ್ಟಿತು. ಸರ್ವೆಯವರು ಬಂದರು, ಕಾಗದ ನೋಡಿದರು, ಗೊತ್ತಾದ ಮೌಲ್ಯದಂತೆ ಹಣ ಬಂತು. ಮುಂದಿನ ಬಿತ್ತನೆ ತಪ್ಪಲಿಲ್ಲ. ಹಬ್ಬಕ್ಕೆ ಹೋದಾಗ ಅವರ ಮನೆಯಾಕೆ ನನಗೆ ಹೋಳಿಗೆ ಬಡಿಸುತ್ತ, ನನ್ನ ಕಾರಿನ ಕಥೆಯನ್ನು ಕೇಳಿ ಏನೂ ಹೇಳಲಿಲ್ಲ. ಆ ಮೌನ ನನಗೆ ಸಾಕಾಗಿತ್ತು.

ಈ ಮೂರು ಊರುಗಳ ಸಂಗತಿಯನ್ನು ಒಟ್ಟಿಗಿಟ್ಟು ನೋಡಿದಾಗ, ನಿಂತ ಗಾಡಿಗೆ ಎರಡು ಬಗೆಯ ಭಯಗಳಿವೆಯೆಂಬುದು ಸ್ಪಷ್ಟವಾಗುತ್ತದೆ. ಹೊರಗಿನಿಂದ ಅದಕ್ಕೆ ಬರುವ ಭಯ ಒಂದು. ಅದರಿಂದ ಹೊರಗಿನವರಿಗೆ ಆಗುವ ಭಯ ಇನ್ನೊಂದು. ಮೊದಲನೆಯದರಲ್ಲಿ ಸೋಲುವವರು ನಾವು. ಲೆಕ್ಕ ಹಾಕಿ, ಇಷ್ಟವಿದ್ದರೆ ವಿಮೆ ಮಾಡಿಸಬಹುದು, ಇಲ್ಲದಿದ್ದರೆ ನಷ್ಟವನ್ನು ನುಂಗಬಹುದು. ಎರಡನೆಯದರಲ್ಲಿ ಸೋಲುವವರು ಬೆನ್ನು ತಿರುಗಿಸಿ ನಿಂತ ಅಪರಿಚಿತರು. ಅವರ ಪರವಾಗಿ ಲೆಕ್ಕ ಹಾಕಲು ನಮಗೆ ಅಧಿಕಾರವಿಲ್ಲ.

ವಾಹನವನ್ನು ದೀರ್ಘಕಾಲ ನಿಲ್ಲಿಸುವವರಿಗೆಂದು ನಮ್ಮ ವಿಮಾಪದ್ಧತಿಯಲ್ಲಿ ಒಂದು ಹಿಂಬರಹವಿದೆ. 2002ರ ಭಾರತೀಯ ಮೋಟಾರು ದರಪಟ್ಟಿಯಲ್ಲಿ ಅದು 11ನೆಯದು. ಇಂಥ ದಿನದಿಂದ ಇಂಥ ದಿನದವರೆಗೆ ವಾಹನವು ಗ್ಯಾರೇಜಿನಲ್ಲಿದೆ, ಬಳಕೆಯಲ್ಲಿಲ್ಲ ಎಂದು ಬರೆದುಕೊಟ್ಟರೆ, ಆ ಅವಧಿಯಲ್ಲಿ ಕಂಪನಿಯ ಇತರ ಹೊಣೆಗಳೆಲ್ಲ ಅಮಾನತಿನಲ್ಲಿರುತ್ತವೆ; ಬೆಂಕಿ, ಸಿಡಿಲು, ಕಳವು, ದಂಗೆ, ಬಿರುಗಾಳಿ, ನೆರೆ, ಭೂಕಂಪ ಮೊದಲಾದವುಗಳಿಂದ ವಾಹನಕ್ಕಾಗುವ ಹಾನಿಯ ಹೊಣೆ ಮಾತ್ರ ಉಳಿಯುತ್ತದೆ. ಪ್ರತಿಯಾಗಿ ಮುಂದಿನ ಕಂತಿನಲ್ಲಿ ಒಂದಿಷ್ಟು ಕಳೆಯುತ್ತಾರೆ, ಇಲ್ಲವೆ ವಿಮೆಯ ಅವಧಿಯನ್ನು ಮುಂದಕ್ಕೆ ಬೆಳೆಸುತ್ತಾರೆ. ಭೂಕಂಪವೆಂಬ ಶಬ್ದವನ್ನು ಓದಿ ನಗಬೇಡಿ. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಕಿಲ್ಲಾರಿಯ ನೆಲ ನಡುಗಿದಾಗ ಗಡಿಯಾಚೆಯ ನಮ್ಮ ಮಂಚಗಳೂ ನಡುಗಿದ್ದವು.

ಈ ಹಿಂಬರಹ ಉಪಯುಕ್ತವಾದುದೇ. ಆದರೆ ಅದರಲ್ಲಿ ಅಡಗಿರುವ ಒಂದು ಅಪಾಯವನ್ನು ಗಮನಿಸಿ. ಅಮಾನತಿನಲ್ಲಿ ಹೋಗುವ ಹೊಣೆಗಳಲ್ಲಿ ಮೂರನೆಯವರ ಹೊಣೆಯೂ ಸೇರಿದೆ. ಅಂದರೆ ಆ ಅವಧಿಯಲ್ಲಿ ಗಾಡಿ ನಮ್ಮ ಹೊಸ್ತಿಲು ದಾಟಿತೆಂದರೆ, ಜೇಬಿನಲ್ಲಿ ಕಾಗದವಿದ್ದೂ ಪರರ ಪಾಲಿಗೆ ನಾವು ವಿಮೆಯಿಲ್ಲದವರೇ. ಕೀಲಿಕೈ ನಮ್ಮ ಸೊಂಟದಲ್ಲೇ ಇದ್ದು, ಹೊರಗೆ ತೆಗೆಯುವ ಮುಂಚೆ ಕಂಪನಿಗೆ ತಿಳಿಸುವ ಶಿಸ್ತಿದ್ದವರಿಗೆ ಮಾತ್ರ ಅದು ಹೊಂದುತ್ತದೆ. ಮದುವೆ ಮುಂಜಿಗಳಿರುವ ತುಂಬಿದ ಮನೆಯವರಿಗೆ ಔರಾದಿನ ಆ ತಾಯಿಯ ದಾರಿಯೇ ಮೇಲು.

‘ನಿಂತದ್ದು’ ಎಂಬ ಶಬ್ದದ ಬಗೆಗೂ ನ್ಯಾಯಾಲಯಗಳು ವಿಚಾರ ಮಾಡಿವೆ. 1987ರ ಅಕ್ಟೋಬರಿನಲ್ಲಿ ಸಾತಾರಾ ಜಿಲ್ಲೆಯ ಹೆದ್ದಾರಿಯಲ್ಲಿ ಪೆಟ್ರೋಲಿನ ಟ್ಯಾಂಕರೊಂದು ಲಾರಿಗೆ ತಾಗಿ ಮಗುಚಿ ಬಿತ್ತು. ಗಂಟೆಗಳ ಮೇಲೆ, ಸೋರುತ್ತಿದ್ದ ಪೆಟ್ರೋಲಿಗೆ ಬೆಂಕಿ ತಗುಲಿ ಅಲ್ಲಿ ನೆರೆದಿದ್ದ ಹಳ್ಳಿಗರು ಸತ್ತರು. ಬಿದ್ದ ಟ್ಯಾಂಕರು ಬಳಕೆಯಲ್ಲಿತ್ತೆ ಎಂಬುದು ಪ್ರಶ್ನೆ. ವಾಹನ ಚಲಿಸದೆ ನಿಂತಿರುವ ಕಾಲವೂ ಬಳಕೆಯೊಳಗೆ ಸೇರುತ್ತದೆಂದು ಸರ್ವೋಚ್ಚ ನ್ಯಾಯಾಲಯ 1991ರಲ್ಲಿ ತೀರ್ಪಿತ್ತಿತು.

ಯುರೋಪಿನ ನ್ಯಾಯಾಲಯ ಇನ್ನೂ ಮುಂದೆ ಹೋಯಿತು. ಪೋರ್ಚುಗಲ್ಲಿನಲ್ಲಿ ಅನಾರೋಗ್ಯದಿಂದ ಕಾರು ಓಡಿಸುವುದನ್ನು ಬಿಟ್ಟ ಮಹಿಳೆಯೊಬ್ಬರು ಅದನ್ನು ಮನೆಯ ಅಂಗಳದಲ್ಲಿ ವಿಮೆಯಿಲ್ಲದೆ ನಿಲ್ಲಿಸಿದ್ದರು. 2006ರಲ್ಲಿ ಅವರ ಮಗ ಹೇಳದೆ ಅದನ್ನು ಕೊಂಡೊಯ್ದ. ಅಪಘಾತದಲ್ಲಿ ಅವನೂ ಜೊತೆಗಿದ್ದ ಇಬ್ಬರೂ ಸತ್ತರು. ನೋಂದಣಿ ರದ್ದಾಗದೆ, ಓಡುವ ಸ್ಥಿತಿಯಲ್ಲಿರುವ ವಾಹನ ಖಾಸಗಿ ನೆಲದಲ್ಲಿ ನಿಂತಿದ್ದರೂ ಅದಕ್ಕೆ ವಿಮೆ ಇರಲೇಬೇಕೆಂದು 2018ರಲ್ಲಿ ತೀರ್ಪಾಯಿತು. ಬ್ರಿಟನ್ನಿನಲ್ಲಿ 2011ರಿಂದ ಎರಡೇ ದಾರಿ: ವಿಮೆ ಮಾಡಿಸು, ಇಲ್ಲವೆ ವಾಹನ ರಸ್ತೆಯಿಂದ ಹೊರಗಿದೆಯೆಂದು ಸರ್ಕಾರಕ್ಕೆ ಬರೆದುಕೊಡು. ನಮ್ಮ ಕಾನೂನು ಹೊಸ್ತಿಲಿನ ಹೊರಗೆ ನಿಂತು ಕಾಯುತ್ತದೆ. ಅವರ ಕಾನೂನು ಅಂಗಳದೊಳಕ್ಕೂ ಕಣ್ಣು ಹಾಯಿಸುತ್ತದೆ. ಯಾವುದು ಸರಿಯೆಂದು ತೀರ್ಮಾನಿಸಲು ನಾನು ವಕೀಲನಲ್ಲ. ಆದರೆ ಪೋರ್ಚುಗಲ್ಲಿನ ಆ ತಾಯಿಯ ಅಂಗಳ ನನಗೆ ಬೀದರಿನ ಓಣಿಯಂತೆಯೇ ಕಾಣುತ್ತದೆ.

ಕೊನೆಯದಾಗಿ, ಗಾಡಿಯನ್ನು ನಿಲ್ಲಿಸುವವರು ಮಾಡಬೇಕಾದ ನಾಲ್ಕು ಮಾತು. ವಿಮೆಯ ಕಾಗದವನ್ನು ಬಿಡಿಸಿ, ಯಾವ ಭಯಕ್ಕೆ ಯಾವ ದಿನದವರೆಗೆ ಎಂಬುದನ್ನು ಓದಿರಿ. ಬ್ಯಾಟರಿಯ ತಂತಿಯನ್ನು ಕಳಚಿ, ಕಣಕಿ ಕಟ್ಟಿಗೆಗಳನ್ನು ದೂರವಿಡಿ. ಮಾಲೀಕನು ವಾಹನವನ್ನು ತಕ್ಕ ಎಚ್ಚರದಿಂದ ಕಾಪಾಡಬೇಕೆಂಬುದು ವಿಮೆಯ ಕರಾರೇ ಆಗಿದೆ. ತುಕ್ಕು, ಸವೆತ, ಯಂತ್ರದ ಕೆಡುಕುಗಳಿಗೆ ಯಾವ ಮಾಮೂಲು ವಿಮೆಯೂ ಹಣ ಕೊಡುವುದಿಲ್ಲ. ಗಾಲಿಗೆ ಕಲ್ಲಿಡಿ, ಬ್ರೇಕನ್ನು ನಂಬಬೇಡಿ. ನಾಲ್ಕನೆಯದು, ಪರರ ಪಾಲಿನ ವಿಮೆಯನ್ನು ಮಾತ್ರ ಒಂದು ದಿನವೂ ತಪ್ಪಿಸಬೇಡಿ.

ಅಪಘಾತದ ಮೇಲೆ ನಾನು ತಂದೆಯವರ ಟ್ರಂಕನ್ನು ತೆರೆದೆ. ಅದರ ತಳದಲ್ಲಿ ನೂಲಿನಿಂದ ಕಟ್ಟಿದ ವಿಮೆಯ ಕಾಗದಗಳ ಕಂತೆ ಇತ್ತು. 1986ರಿಂದ ಒಂದು ವರ್ಷವೂ ತಪ್ಪಿರಲಿಲ್ಲ. ಅಷ್ಟೂ ವರ್ಷ ಅವರು ಒಂದು ರೂಪಾಯಿಯನ್ನೂ ಮರಳಿ ಪಡೆದಿರಲಿಲ್ಲ. ಲೆಕ್ಕ ನೋಡುವವನಿಗೆ ಅದೆಲ್ಲ ನಷ್ಟ. ನನಗೆ ಮಾತ್ರ ಆ ಕಂತೆ ಬೇರೆ ರೀತಿಯಾಗಿ ಕಂಡಿತು. ನಮ್ಮ ಓಣಿಯಲ್ಲಿ ಹಾದುಹೋದ ಪ್ರತಿಯೊಬ್ಬರಿಗಾಗಿ, ಅವರ ಹೆಸರನ್ನೂ ಕೇಳದೆ, ಒಬ್ಬ ಮನುಷ್ಯ ವರ್ಷವರ್ಷವೂ ಕಟ್ಟಿದ ಕಂದಾಯದ ರಸೀದಿಗಳು ಅವು. ಕಾರನ್ನು ನಾನು ಮಾರಿಬಿಟ್ಟೆ. ಮಾರಾಟದ ಹಣವನ್ನು ಬಾಳೆಹಣ್ಣಿನ ಆ ಹಿರಿಯರ ಮಗನ ಓದಿಗೆ ಕೊಟ್ಟೆ. ಕಂತೆಯನ್ನು ಇಟ್ಟುಕೊಂಡಿದ್ದೇನೆ.